ಹಂಡೆಯಿಂದ ಹೀಟ್ ಪಂಪಿನವರೆಗೆ: ಸ್ನಾನದ ಬಿಸಿನೀರಿನ ಪರಿಸರ ಲೆಕ್ಕ

ಹೊಸ ಗೀಸರ್ ಕೊಳ್ಳಲು ಅಂಗಡಿಗೆ ಹೋದಾಗ ನಾವು ಕೇಳುವ ಮೊದಲ ಪ್ರಶ್ನೆ, ಇದು ಎಷ್ಟು ಲೀಟರಿನದು, ಎಷ್ಟು ಸ್ಟಾರಿನದು ಎಂಬುದು. ಪರಿಸರದ ದೃಷ್ಟಿಯಿಂದ ನೋಡಿದರೆ ಇದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮನೆಯಲ್ಲಿ ಎಷ್ಟು ನೀರು ಬಿಸಿಯಾಗುತ್ತಿದೆ, ಎಷ್ಟು ಡಿಗ್ರಿಗೆ ಬಿಸಿಯಾಗುತ್ತಿದೆ, ದಿನದ ಯಾವ ಹೊತ್ತಿನಲ್ಲಿ ಬಿಸಿಯಾಗುತ್ತಿದೆ ಎಂಬ ಮೂರು ಸಂಗತಿಗಳು ಗೊತ್ತಿಲ್ಲದೆ ಯಾವ ಉಪಕರಣವನ್ನು ತಂದರೂ ಅರ್ಧ ಲಾಭವಷ್ಟೇ ಕೈಗೆ ಬರುತ್ತದೆ. ಆದ್ದರಿಂದ ಈ ಲೇಖನ ಅಳತೆಯಿಂದ ಆರಂಭವಾಗಿ, ಈಗಿರುವ ಉಪಕರಣವನ್ನು ಸರಿಯಾಗಿ ಬಳಸುವ ಕ್ರಮಕ್ಕೆ ಬಂದು, ಆಮೇಲಷ್ಟೇ ಹೊಸದನ್ನು ಆರಿಸುವ ಮಾತಿಗೆ ಹೋಗುತ್ತದೆ.

ಮೊದಲ ಹೆಜ್ಜೆ: ನಿಮ್ಮ ಮನೆಯ ಲೆಕ್ಕ ತೆಗೆಯಿರಿ

ಇದಕ್ಕೆ ಬೇಕಾಗುವುದು ಒಂದು ಬಕೆಟ್, ಒಂದು ಅಗ್ಗದ ಥರ್ಮಾಮೀಟರ್ ಮತ್ತು ಹತ್ತು ನಿಮಿಷದ ತಾಳ್ಮೆ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ನಡೆಯುವುದಿಲ್ಲ. ಅಡುಗೆಗೆ ಬಳಸುವಂಥದ್ದು ಬೇಕು. ನಲ್ಲಿಯ ತಣ್ಣೀರಿನ ಉಷ್ಣತೆಯನ್ನು ಮೊದಲು ನೋಡಿ. ಆಮೇಲೆ ಮನೆಯವರು ಸ್ನಾನಕ್ಕೆಂದು ಬೆರೆಸಿಕೊಂಡ ನೀರಿನ ಉಷ್ಣತೆಯನ್ನು ನೋಡಿ. ತಣ್ಣೀರು 22 ಡಿಗ್ರಿ ಸೆಲ್ಸಿಯಸ್, ಸ್ನಾನದ ನೀರು 42 ಡಿಗ್ರಿ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊ ಕ್ಯಾಲೊರಿ ಶಾಖ ಬೇಕು; ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೊ ಕ್ಯಾಲೊರಿ ಇರುತ್ತದೆ. ಹಾಗಾಗಿ 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಏರಿಸಲು 400 ಕಿಲೊ ಕ್ಯಾಲೊರಿ, ಎಂದರೆ ಅರ್ಧ ಯೂನಿಟ್ಟಿಗಿಂತ ತುಸು ಕಡಿಮೆ ವಿದ್ಯುತ್ ಸಾಕು.

ನಾಲ್ವರಿರುವ ಮನೆಯಲ್ಲಿ ಒಬ್ಬೊಬ್ಬರು ಒಂದೂವರೆ ಬಕೆಟ್ ಬಳಸಿದರೆ ದಿನಕ್ಕೆ 120 ಲೀಟರ್ ಆಯಿತು. ಇದಕ್ಕೆ ದಿನಕ್ಕೆ 2.8 ಯೂನಿಟ್, ವರ್ಷಕ್ಕೆ ಸುಮಾರು ಸಾವಿರ ಯೂನಿಟ್ ಬೇಕು. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದು ಹಿಡಿದರೆ, ಆ ಮನೆಯ ಸ್ನಾನದಿಂದ ವರ್ಷಕ್ಕೆ 700 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬಚ್ಚಲುಮನೆಯಲ್ಲಿ ಹೊಗೆ ಕಾಣಿಸದಿದ್ದರೂ ಹೊಗೆಯೆಂಬುದು ಇದ್ದೇ ಇರುತ್ತದೆ. ಅದು ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಚಿಮಣಿಯಿಂದ ಹೊರಡುತ್ತದೆ, ಅಷ್ಟೇ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವೂ ಬಹಳ ಇರುವುದರಿಂದ ಹೊಗೆಯ ಜೊತೆಗೆ ಹಾರುಬೂದಿಯ ರಾಶಿಯೂ ಅಲ್ಲಿನವರ ಪಾಲಿಗೆ ಬರುತ್ತದೆ.

ಈಗ ಷವರಿನ ಲೆಕ್ಕ ನೋಡಿ. ಷವರಿನ ಕೆಳಗೆ ಬಕೆಟ್ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರದಲ್ಲಿ ನೋಡಿ. ಎರಡು ನಿಮಿಷದಲ್ಲಿ 20 ಲೀಟರ್ ತುಂಬಿದರೆ ಎಂಟು ನಿಮಿಷದ ಸ್ನಾನಕ್ಕೆ 80 ಲೀಟರ್, ಅಂದರೆ ಸುಮಾರು 1.9 ಯೂನಿಟ್ ಖರ್ಚಾಗುತ್ತದೆ. ಒಬ್ಬರ ಈ ಒಂದು ಸ್ನಾನಕ್ಕೆ ನಾಲ್ಕು ಬಕೆಟ್ ನೀರು ಹೋಯಿತು. ಬಕೆಟ್ ಮತ್ತು ಚೊಂಬಿನ ಸ್ನಾನ ಹಳೆಯ ಕಾಲದ್ದೆಂದು ಯಾರಾದರೂ ಮೂಗು ಮುರಿದರೆ ಈ ಸಂಖ್ಯೆಯನ್ನು ಅವರ ಮುಂದಿಡಬಹುದು. ಷವರನ್ನು ಬಿಡಲಾಗದವರು ನಿಮಿಷಕ್ಕೆ ಐದಾರು ಲೀಟರಿನ ಷವರ್ ತಲೆಯನ್ನು ಹಾಕಿಸಿಕೊಂಡರೆ ಬಿಸಿನೀರು ಮತ್ತು ವಿದ್ಯುತ್ತು ಎರಡೂ ಒಂದೇ ಏಟಿಗೆ ಅರ್ಧದ ಹತ್ತಿರಕ್ಕೆ ಇಳಿಯುತ್ತವೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಬೇರೆ ಉಪಾಯ ಈ ವಿಷಯದಲ್ಲಿ ನನಗೆ ಕಂಡಿಲ್ಲ.

ಎರಡನೆಯ ಹೆಜ್ಜೆ: ಪೈಪಿನಲ್ಲಿ ನಿಂತ ನೀರನ್ನು ನೋಡಿ

ಬಿಸಿನೀರಿನ ನಲ್ಲಿ ತಿರುಗಿಸಿದ ಮೇಲೆ ಕೈಗೆ ಬಿಸಿ ತಾಗುವವರೆಗೆ ಹರಿದುಹೋಗುವ ತಣ್ಣೀರನ್ನು ಒಮ್ಮೆ ಬಕೆಟ್ಟಿನಲ್ಲಿ ಹಿಡಿದು ನೋಡಿ. ಮುಕ್ಕಾಲು ಇಂಚಿನ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ತಾರಸಿಯ ಸೋಲಾರ್ ಟ್ಯಾಂಕಿನಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಪೈಪ್ ಇದ್ದರೆ ಪ್ರತಿ ಸಲವೂ ಐದು ಲೀಟರ್ ತಣ್ಣೀರು ಹೊರಬರಬೇಕು. ನಲ್ಲಿ ನಿಲ್ಲಿಸಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತದೆ. ಬೆಂಗಳೂರಿನವರ ಪಾಲಿಗೆ ಈ ತಣ್ಣೀರು ಕೂಡ ಬಿಟ್ಟಿಯದಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ ಮತ್ತು ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ನಮ್ಮ ಮನೆಯ ತೊಟ್ಟಿಗೆ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲೆಂದೇ, ಪಂಪಿನ ನಷ್ಟವನ್ನು ಬದಿಗಿಟ್ಟರೂ, ಒಂದೂಕಾಲು ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ ಬೇಕು.

ಪರಿಹಾರಗಳು ಸರಳವಾಗಿವೆ. ಮೊದಲು ಬರುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು, ಬೆರೆಸಿಕೊಳ್ಳಲು ಅದನ್ನೇ ಬಳಸಿ. ಮನೆಯವರು ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಪೈಪ್ ಒಮ್ಮೆ ಮಾತ್ರ ಬಿಸಿಯಾಗುತ್ತದೆ; ಗಂಟೆಗೊಬ್ಬರಂತೆ ಹೋದರೆ ನಾಲ್ಕು ಸಲ ಆರಿ ನಾಲ್ಕು ಸಲ ಬಿಸಿಯಾಗುತ್ತದೆ. ತಾರಸಿಯ ಮೇಲೆ ಹಾದುಹೋಗುವ ಬಿಸಿನೀರಿನ ಪೈಪಿಗೆ ಫೋಮ್ ಕೊಳವೆಯನ್ನು ತೊಡಿಸಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೆ ಹೊದಿಕೆ ಸುತ್ತಿಸಿ. ಮನೆ ಕಟ್ಟಿಸುತ್ತಿರುವವರು ನಕ್ಷೆಯ ಹಂತದಲ್ಲೇ ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟುಕೊಂಡರೆ ಈ ತೊಂದರೆ ಬುಡದಲ್ಲೇ ಕಡಿಮೆಯಾಗುತ್ತದೆ.

ಮೂರನೆಯ ಹೆಜ್ಜೆ: ಈಗಿರುವ ಗೀಸರನ್ನು ಹದಕ್ಕೆ ತನ್ನಿ

ಟ್ಯಾಂಕ್ ಇರುವ ಗೀಸರಿನ ದೊಡ್ಡ ದೋಷವೆಂದರೆ ಅದು ಸುಮ್ಮನೆ ನಿಂತಾಗಲೂ ಶಾಖವನ್ನು ಕಳೆದುಕೊಳ್ಳುತ್ತದೆ. ಸ್ಟಾರ್ ಲೇಬಲ್ ಅಳೆಯುವುದು ಮುಖ್ಯವಾಗಿ ಈ ನಿಂತ ನಷ್ಟವನ್ನೇ ಹೊರತು ನೀರು ಬಿಸಿ ಮಾಡುವ ಸಾಮರ್ಥ್ಯವನ್ನಲ್ಲ. ಏಕೆಂದರೆ ನೀರಿನಲ್ಲಿ ಮುಳುಗಿದ ಕಾಯಿಲ್ ಯಾವ ಕಂಪನಿಯದಾದರೂ ಬಹುತೇಕ ಇಡೀ ವಿದ್ಯುತ್ತನ್ನು ಶಾಖವಾಗಿಸುತ್ತದೆ. ನಿಮ್ಮ ಗೀಸರಿನ ನಷ್ಟವನ್ನು ತಿಳಿಯಲು, ನೀರು ಪೂರ್ತಿ ಬಿಸಿಯಾಗಿ ದೀಪ ಆರಿದ ಮೇಲೆ ನಲ್ಲಿ ಮುಟ್ಟದೆ ಸ್ವಿಚ್ಚನ್ನು ಹಾಕಿಯೇ ಬಿಟ್ಟು, ದೀಪ ಮತ್ತೆ ಎಷ್ಟು ಹೊತ್ತಿಗೊಮ್ಮೆ, ಎಷ್ಟು ನಿಮಿಷ ಉರಿಯುತ್ತದೆಂದು ಒಂದು ರಜಾದಿನ ಬರೆದಿಟ್ಟುಕೊಳ್ಳಿ. ಎರಡು ಕಿಲೊವ್ಯಾಟಿನ ಗೀಸರಿನ ದೀಪ ಮೂರು ಗಂಟೆಗೊಮ್ಮೆ ಐದು ನಿಮಿಷ ಉರಿದರೆ ದಿನಕ್ಕೆ 40 ನಿಮಿಷ ಆಯಿತು. ಯಾರೂ ಸ್ನಾನ ಮಾಡದೆಯೇ 1.3 ಯೂನಿಟ್ ಗೋಡೆಗೆ ಹೋಯಿತು.

ಇದಕ್ಕೆ ಮದ್ದು ಸಮಯ ನೋಡಿ ಸ್ವಿಚ್ ಹಾಕುವುದು. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಎರಡು ಕಿಲೊವ್ಯಾಟಿನ ಕಾಯಿಲಿಗೆ 20 ನಿಮಿಷ ಸಾಕು, ಮತ್ತು ಆ ನೀರಿಗೆ ತಣ್ಣೀರು ಬೆರೆಸಿದರೆ 42 ಡಿಗ್ರಿಯ ಒಂದೂವರೆ ಬಕೆಟ್ ಸ್ನಾನದ ನೀರು ಸಿಗುತ್ತದೆ. ಹಾಗಿರುವಾಗ ರಾತ್ರಿಯೇ ಸ್ವಿಚ್ ಹಾಕಿ ಮಲಗುವುದಕ್ಕೆ ಯಾವ ಕಾರಣವೂ ಇಲ್ಲ. ಟ್ಯಾಂಕಿಲ್ಲದ ಇನ್‌ಸ್ಟಂಟ್ ಗೀಸರಿನಲ್ಲಿ ನಿಂತ ನಷ್ಟದ ಮಾತೇ ಬರುವುದಿಲ್ಲ. ಆದರೆ ಒಂದು ಬಡಾವಣೆಯ ಎಲ್ಲ ಮನೆಗಳಲ್ಲೂ ಬೆಳಿಗ್ಗೆ ಏಳು ಗಂಟೆಗೆ ಮೂರು ಕಿಲೊವ್ಯಾಟಿನವು ಒಟ್ಟಿಗೆ ಉರಿದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುವ ಹೊರೆಯನ್ನೂ ನೆನೆಯಬೇಕು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಲೆಕ್ಕದಲ್ಲಿ ಈ ಕಾಯಿಲಿನ ಉಪಕರಣಗಳಲ್ಲೆಲ್ಲ ಮಿತವ್ಯಯದ್ದು, ಏಕೆಂದರೆ ಬೇಕಾದ ನೀರನ್ನಷ್ಟೇ ಬೇಕಾದಷ್ಟೇ ಬಿಸಿ ಮಾಡುತ್ತದೆ. ಆದರೆ ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಬೇಕೆಂಬ ನಿಯಮ ಒಂದು ದಿನ ತಪ್ಪಿದರೂ ಜೀವಕ್ಕೆ ಅಪಾಯ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಅದನ್ನು ಹೇಳಲಾರೆ.

ಥರ್ಮೋಸ್ಟಾಟನ್ನು 75 ಡಿಗ್ರಿಗೆ ತಿರುಗಿಸಿಟ್ಟು ಆಮೇಲೆ ತಣ್ಣೀರು ಬೆರೆಸುವುದು ವ್ಯರ್ಥ. ಉಷ್ಣತೆ ಏರಿದಷ್ಟೂ ನಷ್ಟ ಏರುತ್ತದೆ, ಸುಣ್ಣವೂ ಬೇಗ ಕಟ್ಟುತ್ತದೆ. 55ರಿಂದ 60 ಡಿಗ್ರಿ ಸಾಕು. ಹಾಗೆಂದು ಟ್ಯಾಂಕಿನ ನೀರನ್ನು ದಿನಗಟ್ಟಲೆ ಉಗುರುಬೆಚ್ಚಗೆ ಇಡಲೂಬಾರದು; ಲೀಜಿಯೋನೆಲ್ಲಾ ಎಂಬ, ಶ್ವಾಸಕೋಶಕ್ಕೆ ಕೇಡು ಮಾಡುವ ಬ್ಯಾಕ್ಟೀರಿಯ 20ರಿಂದ 45 ಡಿಗ್ರಿಯ ನಡುವಿನ ನಿಂತ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ.

ಬೋರ್‌ವೆಲ್ ನೀರಿನ ಸುಣ್ಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಾಯಿಲಿನ ಮೇಲೆ ಸುಣ್ಣ ಕಟ್ಟಿದರೆ ಕರೆಂಟು ಹೆಚ್ಚು ಸುಡುತ್ತದೆ ಎನ್ನುತ್ತಾರೆ. ವಿದ್ಯುತ್ ಗೀಸರಿನಲ್ಲಿ ಹಾಗಾಗುವುದು ಅತ್ಯಲ್ಪ, ಏಕೆಂದರೆ ಕಾಯಿಲಿನ ಶಾಖಕ್ಕೆ ನೀರಿಗೆ ಹೋಗುವುದಲ್ಲದೆ ಬೇರೆ ದಾರಿ ಇಲ್ಲ. ಆಗುವ ಕೇಡು ಬೇರೆ ಬಗೆಯದು. ಸುಣ್ಣದೊಳಗೆ ಸಿಕ್ಕಿಬಿದ್ದ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಟ್ಯಾಂಕನ್ನು ತುಕ್ಕಿನಿಂದ ಕಾಯುವ ಮೆಗ್ನೀಸಿಯಂ ಆನೋಡ್ ಕಡ್ಡಿಯೂ ಸವೆದು ಹೋಗಿದ್ದರೆ ಟ್ಯಾಂಕೇ ತೂತು ಬೀಳುತ್ತದೆ, ಇನ್ನೂ ಎಷ್ಟೋ ವರ್ಷ ಬಾಳಬೇಕಾಗಿದ್ದ ಗೀಸರ್ ಗುಜರಿಗೆ ಹೋಗುತ್ತದೆ. ಗೀಸರಿನಿಂದ ಚಟಪಟ ಸದ್ದು ಬರಲಾರಂಭಿಸಿದರೆ ಮೆಕ್ಯಾನಿಕ್‌ನನ್ನು ಕರೆಸಿ ಕಾಯಿಲ್ ತೆಗೆಸಿ ಸುಣ್ಣ ಕೆರೆಸಿ, ಆನೋಡ್ ಕಡ್ಡಿಯನ್ನು ನಿಮ್ಮ ಕಣ್ಣೆದುರಿಗೇ ಹೊರತೆಗೆಸಿ ನೋಡಿ. ಬೆರಳು ದಪ್ಪದ ಕಡ್ಡಿ ತಂತಿಯಷ್ಟಾಗಿದ್ದರೆ ಬದಲಾಯಿಸುವ ಕಾಲ ಬಂದಿದೆ. ಗ್ಯಾಸ್ ಗೀಸರಿನಲ್ಲಿ ಮಾತ್ರ ಸುಣ್ಣ ನೇರವಾಗಿ ಇಂಧನವನ್ನು ತಿನ್ನುತ್ತದೆ, ಏಕೆಂದರೆ ಅಲ್ಲಿ ನೀರಿಗೆ ಹೋಗಲಾಗದ ಶಾಖ ಬಿಸಿಗಾಳಿಯ ಜೊತೆ ಹೊರಗೆ ಹೋಗಿಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಗಡಿಯಾರ ನೋಡಿ

ಎಲ್ಲ ಯೂನಿಟ್ಟುಗಳ ತೂಕವೂ ಒಂದೇ ಅಲ್ಲ. ನಡು ಹಗಲಿನಲ್ಲಿ ಕರ್ನಾಟಕದ ಜಾಲಕ್ಕೆ ಪಾವಗಡದ 2050 ಮೆಗಾವ್ಯಾಟಿನ ಸೌರ ಪಾರ್ಕೂ ಸೇರಿದಂತೆ ಬಿಸಿಲಿನ ವಿದ್ಯುತ್ ಧಾರಾಳವಾಗಿ ಹರಿಯುತ್ತದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ, ಅಂದರೆ ಊರಿಗೆ ಊರೇ ಗೀಸರ್ ಹಾಕುವ ಹೊತ್ತಿನಲ್ಲಿ, ಆ ಫಲಕಗಳು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಆ ಬೇಡಿಕೆಯನ್ನು ಶರಾವತಿಯ ಜಲವಿದ್ಯುತ್ತು ಮತ್ತು ಕಲ್ಲಿದ್ದಲು ಸೇರಿ ಹೊರಬೇಕು. ವಾರ್ಷಿಕ ಸರಾಸರಿಯಾದ 0.7 ಕೆ.ಜಿ. ಲೆಕ್ಕ ಈ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ.

ಇದರಿಂದ ಏನು ಮಾಡಬಹುದು? ಮನೆಯಲ್ಲೇ ಇರುವ ಹಿರಿಯರು, ಮನೆಯಿಂದಲೇ ಕೆಲಸ ಮಾಡುವವರು, ಶಾಲೆಯಿಂದ ಮಧ್ಯಾಹ್ನ ಮರಳುವ ಮಕ್ಕಳು ಹಗಲಿನಲ್ಲಿ ಸ್ನಾನ ಮಾಡಿದರೆ ಅವರ ಬಿಸಿನೀರಿನಲ್ಲಿ ಕಲ್ಲಿದ್ದಲಿನ ಪಾಲು ಕಡಿಮೆಯಾಗುತ್ತದೆ. ಸಂಜೆ ಸ್ನಾನ ಮಾಡುವವರು ಒಳ್ಳೆಯ ಹೊದಿಕೆಯುಳ್ಳ ಗೀಸರಿಗೆ ಟೈಮರ್ ಹಾಕಿಸಿ ಮಧ್ಯಾಹ್ನ ಮೂರರ ಸುಮಾರಿಗೆ ಬಿಸಿಯಾಗುವಂತೆ ಮಾಡಬಹುದು. ಎರಡು ಮೂರು ಗಂಟೆಯ ನಷ್ಟ ಸಹಿಸಬಹುದಾದದ್ದು. ಮಧ್ಯಾಹ್ನ ಬಿಸಿ ಮಾಡಿ ಮರುದಿನ ಬೆಳಿಗ್ಗೆಗೆ ಇಡುವುದು ಸಣ್ಣ ಗೀಸರಿನಲ್ಲಿ ನಡೆಯದು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ಟಿನೊಳಗಿನ ಅನೇಕ ಮನೆಗಳಲ್ಲಿ ಬಿಲ್ಲಿನ ಹಣ ಸೊನ್ನೆಯಾಗಿ, ಯೂನಿಟ್ಟಿನ ಕಡೆ ಕಣ್ಣು ಹಾಯಿಸುವ ಅಭ್ಯಾಸವೇ ಕಡಿಮೆಯಾದಂತೆ ಕಾಣುತ್ತದೆ. ಹಣದ ಸಾಲು ಸೊನ್ನೆಯಾಗಿದ್ದರೂ ಬಳಸಿದ ಯೂನಿಟ್ ಎಷ್ಟೆಂಬುದು ಬಿಲ್ಲಿನಲ್ಲಿ ಇದ್ದೇ ಇರುತ್ತದೆ; ಅದನ್ನು ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಚಳಿಗಾಲದ ಮತ್ತು ಬೇಸಿಗೆಯ ತಿಂಗಳುಗಳ ಅಂತರದಿಂದ ಗೀಸರಿನ ಪಾಲು ಅಂದಾಜಿಗೆ ಸಿಗುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಯ ಕಪ್ಪು ಟ್ಯಾಂಕೇ ಗೀಸರ್. ಅಲ್ಲಿ ಆ ತಿಂಗಳುಗಳಲ್ಲಿ ಸ್ವಿಚ್ಚಿನ ಮೇಲೆ ಒಂದು ಪಟ್ಟಿ ಅಂಟಿಸಿಬಿಡುವುದೇ ಒಳ್ಳೆಯದು.

ಐದನೆಯ ಹೆಜ್ಜೆ: ಸೋಲಾರ್ ಇದ್ದರೆ ತಾರಸಿಗೆ ಹತ್ತಿ ನೋಡಿ

ರಾಜ್ಯ ಸರ್ಕಾರ 2007ರಲ್ಲೇ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರನ್ನು ಕಡ್ಡಾಯ ಮಾಡಿದ್ದರಿಂದ ಬೆಂಗಳೂರು, ಮೈಸೂರುಗಳ ತಾರಸಿಗಳಲ್ಲಿ ಇವು ಸಾಲಾಗಿ ಕಾಣುತ್ತವೆ. ಇವೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿವೆ ಎಂದಲ್ಲ. ನಮ್ಮ ಮನೆಯದ್ದೇ ಹೇಳುವುದಾದರೆ, ಒಂದು ಮಳೆಗಾಲದಲ್ಲಿ ಮೋಡ ಕವಿದಿದೆಯೆಂದು ಸೋಲಾರ್ ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲಿನ ಸ್ವಿಚ್ ಹಾಕಿದವರು ಅದನ್ನು ಆರಿಸಲು ಮರೆತೆವು. ಯುಗಾದಿಯ ಹೊತ್ತಿಗೆ ಮನೆ ಸ್ವಚ್ಛ ಮಾಡುವಾಗ ಮೆಟ್ಟಿಲ ಸಂದಿಯ ಸ್ವಿಚ್ಚಿನ ಕೆಂಪು ದೀಪ ಕಣ್ಣಿಗೆ ಬಿತ್ತು. ಅಷ್ಟು ತಿಂಗಳೂ ನಾವು ಬಿಸಿಲಿನಿಂದ ಸ್ನಾನ ಮಾಡುತ್ತಿದ್ದೇವೆಂಬ ಹೆಮ್ಮೆಯಲ್ಲಿದ್ದೆವು. ವಾಸ್ತವದಲ್ಲಿ ತಾರಸಿಯ ಚಳಿಗಾಳಿಯಲ್ಲಿ 200 ಲೀಟರಿನ ಗೀಸರೊಂದು ರಾತ್ರಿಯಿಡೀ ಉರಿಯುತ್ತಿತ್ತು, ಬೆಳಗಾಗುವಷ್ಟರಲ್ಲಿ ಟ್ಯಾಂಕ್ ತುಂಬ ಬಿಸಿನೀರಿದ್ದು ಬಿಸಿಲಿಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಆದ್ದರಿಂದ ಮೊದಲು ಆ ಸ್ವಿಚ್ಚನ್ನು ಹುಡುಕಿ. ಸಾಧ್ಯವಾದರೆ ಟ್ಯಾಂಕಿನ ಕಾಯಿಲನ್ನು ಬಿಟ್ಟು, ಬಚ್ಚಲಿನಲ್ಲಿ ಒಂದು ಪುಟ್ಟ ಗೀಸರ್ ಇಟ್ಟುಕೊಂಡು ಮೋಡದ ದಿನಗಳಲ್ಲಿ ಬೇಕಾದ ಹದಿನೈದು ಲೀಟರನ್ನಷ್ಟೇ ಬಿಸಿ ಮಾಡಿ.

ಎರಡನೆಯದಾಗಿ ಗಾಜಿನ ಮೇಲಿನ ಧೂಳನ್ನು ನೋಡಿ. ಮಳೆಯಿಲ್ಲದ ತಿಂಗಳುಗಳಲ್ಲಿ ಎರಡು ಮೂರು ವಾರಕ್ಕೊಮ್ಮೆ, ಸೂರ್ಯ ಏರುವ ಮೊದಲೇ ಒರೆಸಿ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಪಕ್ಕದಲ್ಲಿ ಎದ್ದ ಹೊಸ ಮಹಡಿಯ ನೆರಳು ದಕ್ಷಿಣದಿಂದ ಬೀಳುತ್ತಿದೆಯೇ ಎಂದು ಡಿಸೆಂಬರಿನಲ್ಲಿ ನೋಡಿ, ಏಕೆಂದರೆ ಆಗ ಸೂರ್ಯ ತಗ್ಗಿನಲ್ಲಿ ಚಲಿಸುತ್ತಾನೆ ಮತ್ತು ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಗಡಸು ನೀರಿನ ಊರುಗಳಲ್ಲಿ ತಾಮ್ರದ ಸಣ್ಣ ಕೊಳವೆಗಳ ಚಪ್ಪಟೆ ಫಲಕ ಸುಣ್ಣ ಕಟ್ಟಿ ಮುಚ್ಚಿಹೋಗುತ್ತದೆ. ಅಲ್ಲಿ ಅಗಲ ಗಾಜಿನ ಕೊಳವೆಗಳದು ಹೆಚ್ಚು ಬಾಳುತ್ತದೆ.

ಆರನೆಯ ಹೆಜ್ಜೆ: ಸೌದೆ ಒಲೆಯಿದ್ದರೆ

ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಬಯಲುಸೀಮೆಯ ಹಳ್ಳಿಗಳಲ್ಲಿ ಬಚ್ಚಲೊಲೆ ಇಂದಿಗೂ ಉರಿಯುತ್ತಿದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ತೊಳೆದು ಹೂವು ಮುಡಿಸುವ ಆ ಹಂಡೆಯನ್ನು ಗೀಸರಿನ ಹೆಸರಿನಲ್ಲಿ ಹೀಗಳೆಯುವುದು ನನ್ನ ಉದ್ದೇಶವಲ್ಲ. ತೋಟದಲ್ಲಿ ತಾನಾಗಿ ಬೀಳುವ ಸೋಗೆ, ಗರಿ, ಕರಟ, ಅಡಿಕೆ ಸಿಪ್ಪೆಗಳನ್ನು ಉರಿಸಿದರೆ ಅದರ ಇಂಗಾಲ ಮರುವರ್ಷದ ಬೆಳೆಗೆ ಮರಳುತ್ತದೆ. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಸೌದೆಯ ಶಾಖದ ಹೆಚ್ಚೆಂದರೆ ಶೇ. 15ರಷ್ಟು ನೀರಿಗೆ ತಲುಪುತ್ತದೆ. ಮೊದಲು ಹೇಳಿದ 120 ಲೀಟರಿಗೆ ಅಲ್ಲಿ ದಿನಕ್ಕೆ ನಾಲ್ಕೂವರೆ ಕೆ.ಜಿ., ವರ್ಷಕ್ಕೆ ಒಂದೂವರೆ ಟನ್ನಿಗೂ ಮೀರಿದ ಒಣ ಸೌದೆ ಬೇಕು. ಕಾಡಿನಿಂದ ಕಡಿದು ತಂದ ಮರವಾದರೆ ಈ ಲೆಕ್ಕ ಯಾವ ಗೀಸರಿಗಿಂತಲೂ ಕೆಟ್ಟದ್ದು. ಅರೆಬರೆ ಉರಿದ ಹೊಗೆಯ ಮಸಿಕಣಗಳು ಮನೆಯವರ ಶ್ವಾಸಕ್ಕೂ ಹವಾಮಾನಕ್ಕೂ ಕೇಡು.

ಒಲೆಯನ್ನು ಸುಧಾರಿಸುವ ಕ್ರಮ ಹೀಗಿದೆ: ಹಂಡೆಯ ಸುತ್ತ ಬೆಂಕಿ ಸುತ್ತಿಬರುವಷ್ಟು ಸಣ್ಣ ಸಂದನ್ನು ಮಾತ್ರ ಬಿಟ್ಟು ಉಳಿದದ್ದನ್ನು ಮುಚ್ಚಿ, ಸೌದೆಯ ಕೆಳಗಿನಿಂದ ಗಾಳಿ ಬರುವಂತೆ ಕಬ್ಬಿಣದ ಜಾಲರಿ ಇಟ್ಟು, ಹೊಗೆಗೆ ಕೊಳವೆ ಹಾಕಿಸಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ತಂಡದವರು ರೂಪಿಸಿದ ಅಸ್ತ್ರ ಒಲೆ ಇದೇ ತತ್ತ್ವದ ಮೇಲೆ ನಿಂತದ್ದು. ಹಂಡೆಗೆ ಮುಚ್ಚಳ ಹಾಕುವುದು, ಸೌದೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಿಸಿ ಬಳಸುವುದು, ಇವೆರಡಕ್ಕೆ ಕಾಸೂ ಬೇಡ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರು, ಹಾಲಿನ ಪ್ಯಾಕೆಟ್ಟು, ಹಳೆಯ ಚಪ್ಪಲಿಗಳನ್ನು ತುರುಕುವ ಅಭ್ಯಾಸ ಮಾತ್ರ ಇಂದೇ ನಿಲ್ಲಬೇಕು. ಅದರ ವಿಷಹೊಗೆ ಬಚ್ಚಲಿನಲ್ಲಿ ಮೀಯುತ್ತಿರುವ ಮಗುವಿನ ಮೂಗಿಗೇ ಮೊದಲು ಹೋಗುತ್ತದೆ.

ಏಳನೆಯ ಹೆಜ್ಜೆ: ಹೊಸದನ್ನು ಕೊಳ್ಳುವುದೇ ಆದರೆ

ಅದೇ 120 ಲೀಟರಿನ ಮನೆಯನ್ನು ಮುಂದಿಟ್ಟುಕೊಳ್ಳೋಣ. ಸಾಧಾರಣ ವಿದ್ಯುತ್ ಗೀಸರಿನಿಂದ ದಿನಕ್ಕೆ ಸುಮಾರು 2 ಕೆ.ಜಿ. ಇಂಗಾಲದ ಡೈಆಕ್ಸೈಡ್, ನಿಂತ ನಷ್ಟ ಬೇರೆ. ಶೇ. 80ರಷ್ಟು ದಕ್ಷತೆಯ ಗ್ಯಾಸ್ ಗೀಸರಿಗೆ ದಿನಕ್ಕೆ ಕಾಲು ಕೆ.ಜಿ.ಗಿಂತ ತುಸು ಹೆಚ್ಚು ಎಲ್‌ಪಿಜಿ ಬೇಕು; 14.2 ಕೆ.ಜಿ.ಯ ಸಿಲಿಂಡರ್ ಐವತ್ತು ದಿನ ಬರುತ್ತದೆ, ದಿನಕ್ಕೆ 0.8 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಂಖ್ಯೆ ಚೆನ್ನಾಗಿದ್ದರೂ ಗ್ಯಾಸ್ ಗೀಸರನ್ನು ನಾನು ಹೇಳುವುದಿಲ್ಲ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಆಮ್ಲಜನಕ ತೀರಿದಂತೆ ಅದರ ಜ್ವಾಲೆಯಿಂದ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಈಗಾಗಲೇ ಇದ್ದರೆ ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗಕ್ಕೆ ಸಾಗಿಸಿ, ನೀರಿನ ಪೈಪನ್ನಷ್ಟೇ ಒಳಗೆ ತನ್ನಿ.

ಬಿಸಿಲು ಬೀಳುವ ಸ್ವಂತ ತಾರಸಿ ಇರುವವರಿಗೆ ಸೋಲಾರ್ ಇಂದಿಗೂ ಮೊದಲ ಆಯ್ಕೆ. ಅಪಾರ್ಟ್‌ಮೆಂಟಿನಲ್ಲಿ, ಮುಖ್ಯವಾಗಿ ಕೆಳಗಿನ ಮಹಡಿಗಳಲ್ಲಿ, ಪೈಪಿನ ಉದ್ದವೇ ಸೋಲಾರಿನ ಲಾಭವನ್ನು ತಿನ್ನುತ್ತದೆ. ಅಲ್ಲಿ ಹೀಟ್ ಪಂಪ್ ಹೊಂದುತ್ತದೆ. ಇದು ಫ್ರಿಜ್ಜನ್ನು ತಿರುಗಿಸಿಟ್ಟಂಥ ಯಂತ್ರ: ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ನಮ್ಮ ಲೆಕ್ಕದ ಮನೆಗೆ ದಿನಕ್ಕೆ ಒಂದು ಯೂನಿಟ್ಟಿನ ಆಸುಪಾಸು ಸಾಕು. ಗಾಳಿ ಬೆಚ್ಚಗಿದ್ದಷ್ಟೂ ಅದು ಚೆನ್ನಾಗಿ ದುಡಿಯುವುದರಿಂದ ನಮ್ಮ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕೊಳ್ಳುವಾಗ ಒಳಗಿರುವ ಶೀತಕ, ಅಂದರೆ ಶಾಖವನ್ನು ಹೊತ್ತೊಯ್ಯುವ ಅನಿಲ, ಯಾವುದೆಂದು ಕೇಳಿ. ಆರ್-134ಎ ಸೋರಿದರೆ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ, ಪ್ರೊಪೇನ್ ಆಧಾರಿತ ಆರ್-290ರಲ್ಲಿ ಆ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಗಾಳಿ ಸರಾಗವಾಗಿ ಆಡುವಂತೆ ಇಡಿ. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ತಾನು ಉಗುಳಿದ ತಣ್ಣನೆಯ ಗಾಳಿಯನ್ನೇ ಮತ್ತೆ ಹೀರಿ ಬಳಲುತ್ತದೆ.

ಇದು ನಿಧಾನವಾಗಿ ಬಿಸಿ ಮಾಡುವ ಯಂತ್ರವಾದ್ದರಿಂದ 150, 200 ಲೀಟರಿನ ಒಳ್ಳೆಯ ಹೊದಿಕೆಯ ಟ್ಯಾಂಕಿನ ಜೊತೆಗೇ ಬರುತ್ತದೆ. ಸಣ್ಣ ಗೀಸರಿಗಿಂತ ಲೀಟರಿಗೆ ಕಳೆಯುವ ಶಾಖ ಕಡಿಮೆ, ರಾತ್ರಿ ಕಳೆದರೂ ಬೆಳಗಿನ ಸ್ನಾನಕ್ಕೆ ನೀರು ಬಿಸಿಯಾಗಿಯೇ ಇರುತ್ತದೆ. ಅದರ ಟೈಮರನ್ನು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಇಟ್ಟುಬಿಡಿ. ಗಾಳಿ ದಿನದಲ್ಲೇ ಬೆಚ್ಚಗಿರುವ, ಪಾವಗಡದ ಫಲಕಗಳು ತುಂಬು ಬಿಸಿಲಿನಲ್ಲಿರುವ ಹೊತ್ತು ಅದು.